ಬಿಲ್ಲಿನ ಇಮೇಲ್‌ಗಳು ಜಿಮೇಲ್‌ನಿಂದ ವಾಪಸ್ ಬರುತ್ತಿವೆ: ಡಿಎನ್‌ಎಸ್‌ನಲ್ಲಿ ಏನನ್ನು ಸರಿಪಡಿಸಬೇಕು?

ಪ್ರಶ್ನೆ: ಮಂಡಿಲೆಕ್ಕ, ಕೋಲಾರ

ಕೋಲಾರ ಎಪಿಎಂಸಿ ಮಾರುಕಟ್ಟೆಯ ಟೊಮೆಟೊ ಮಂಡಿಯೊಂದರ ಲೆಕ್ಕಪತ್ರ ಮತ್ತು ಕಂಪ್ಯೂಟರ್ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ. ಹರಾಜು ಮುಗಿದ ಮೇಲೆ ಹೊರರಾಜ್ಯದ ಖರೀದಿದಾರರಿಗೆ ಬಿಲ್ಲುಗಳನ್ನು ನಮ್ಮದೇ ಡೊಮೇನ್‌ನ ವಿಳಾಸದಿಂದ ಇಮೇಲ್ ಮಾಡುತ್ತೇವೆ. ವೆಬ್‌ಸೈಟ್ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ಎರಡೂ ಒಂದು ಹೋಸ್ಟಿಂಗ್ ಕಂಪನಿಯ ಸರ್ವರ್‌ನಲ್ಲಿವೆ; ಇಮೇಲ್ ಖಾತೆಗಳನ್ನು ಮಾತ್ರ ಇತ್ತೀಚೆಗೆ ಬೇರೊಂದು ಕಂಪನಿಗೆ ವರ್ಗಾಯಿಸಿದ್ದೇವೆ.

ಅಂದಿನಿಂದ ನಾವು ಕೈಯಾರೆ ಬರೆದು ಕಳುಹಿಸುವ ಪತ್ರಗಳು ತಲುಪುತ್ತವೆಯಾದರೂ ಹಲವು ಸ್ಪ್ಯಾಮ್‌ಗೆ ಬೀಳುತ್ತಿವೆ. ಸಾಫ್ಟ್‌ವೇರ್ ತಾನಾಗಿ ಕಳುಹಿಸುವ ಬಿಲ್ಲುಗಳಂತೂ ‘550-5.7.26’ ಎಂಬ ಸಂಖ್ಯೆಯೊಡನೆ, ಕಳುಹಿಸಿದವರು ದೃಢೀಕೃತರಲ್ಲ ಎಂಬ ಒಕ್ಕಣೆ ಹೊತ್ತು ಹಿಂದಿರುಗುತ್ತಿವೆ. ಡಿಎನ್‌ಎಸ್ (ಡೊಮೇನ್‌ನ ಸರ್ವರ್ ವಿವರಗಳನ್ನು ಇಂಟರ್‌ನೆಟ್‌ಗೆ ತಿಳಿಸುವ ದಾಖಲೆಪಟ್ಟಿ) ಪ್ಯಾನೆಲ್‌ನಲ್ಲಿ ಹಳೆಯ ಎಸ್‌ಪಿಎಫ್ ದಾಖಲೆಯ (ನಮ್ಮ ಹೆಸರಿನಲ್ಲಿ ಪತ್ರ ಕಳುಹಿಸಬಹುದಾದ ಸರ್ವರ್‌ಗಳ ಪಟ್ಟಿ) ಕೆಳಗೆ ಹೊಸ ಕಂಪನಿ ಕೊಟ್ಟ ಎಸ್‌ಪಿಎಫ್ ದಾಖಲೆಯನ್ನೂ ಸೇರಿಸಿದ್ದೇನೆ. ಎಂಎಕ್ಸ್ ದಾಖಲೆ ಸರಿಯಾಗಿದೆ. ಒಳಬರುವ ಪತ್ರಗಳಿಗೆ ಯಾವ ತೊಂದರೆಯೂ ಇಲ್ಲ. ಇನ್ನೇನು ಮಾಡಬೇಕು?

ಉತ್ತರ 1: ಕಲ್ಪತರುನೆಟ್, ತುಮಕೂರು

ಎಂಎಕ್ಸ್ ದಾಖಲೆಯು ನಿಮಗೆ ಬರುವ ಪತ್ರಗಳು ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆಯೇ ಹೊರತು, ನೀವು ಕಳುಹಿಸುವ ಪತ್ರಗಳಿಗೆ ಜಾಮೀನು ನಿಲ್ಲುವುದಿಲ್ಲ. ಆದ್ದರಿಂದ ಅದನ್ನು ಬಿಟ್ಟುಬಿಡಿ. ಮೊದಲ ದೋಷ ಎರಡು ಎಸ್‌ಪಿಎಫ್ ದಾಖಲೆಗಳಿರುವುದೇ. ಒಂದು ಡೊಮೇನ್‌ಗೆ ‘ವಿ=ಎಸ್‌ಪಿಎಫ್1’ ಎಂದು ಆರಂಭವಾಗುವ ಟಿಎಕ್ಸ್‌ಟಿ (ಪಠ್ಯ) ದಾಖಲೆ ಒಂದೇ ಇರಬೇಕು; ಎರಡು ಕಂಡರೆ ಪತ್ರ ಸ್ವೀಕರಿಸುವ ಸರ್ವರ್ ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದಿಲ್ಲ, ‘ಪರ್ಮ್‌ಎರರ್’ (ದಾಖಲೆಯಲ್ಲೇ ದೋಷ) ಎಂದು ಬರೆದು ಎರಡನ್ನೂ ಕೈಬಿಡುತ್ತದೆ. ಎಸ್‌ಪಿಎಫ್‌ನ ನಿಯಮಾವಳಿಯಾದ 2014ರ ಆರ್‌ಎಫ್‌ಸಿ 7208 ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ.

ಎರಡನ್ನೂ ಒಂದೇ ಸಾಲಿಗೆ ಸೇರಿಸಬಹುದು. ಆದರೆ ವೆಬ್ ಸರ್ವರ್‌ನ ಐಪಿಯನ್ನು (ಇಂಟರ್‌ನೆಟ್‌ನಲ್ಲಿ ಅದರ ಸಂಖ್ಯಾ ವಿಳಾಸ) ಅದರಲ್ಲಿ ಸೇರಿಸಬೇಡಿ ಎಂಬುದು ನನ್ನ ಸಲಹೆ. ಶೇರ್ಡ್ ಹೋಸ್ಟಿಂಗ್ ಆಗಿದ್ದರೆ ಅದೇ ಐಪಿಯಿಂದ ಬೇರೆ ಗ್ರಾಹಕರ ಪತ್ರಗಳೂ ಹೊರಡುತ್ತವೆ. ಅವರಲ್ಲಿ ಒಬ್ಬರು ಸ್ಪ್ಯಾಮ್ ಕಳುಹಿಸಿದರೂ ಹೆಸರು ಕೆಡುವುದು ಎಲ್ಲರದ್ದೂ. ಅದರ ಬದಲು ಬಿಲ್ಲಿಂಗ್ ಸಾಫ್ಟ್‌ವೇರ್‌ನ ಸೆಟ್ಟಿಂಗ್ಸ್‌ನಲ್ಲಿ ಹೊಸ ಇಮೇಲ್ ಕಂಪನಿಯ ಎಸ್‌ಎಂಟಿಪಿ (ಪತ್ರ ಹೊರಕಳುಹಿಸುವ) ಸರ್ವರ್, ಪೋರ್ಟ್ 587, ಬಿಲ್ಲಿಗೆಂದೇ ತೆರೆದ ಖಾತೆಯೊಂದರ ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ಆಗ ಎಲ್ಲ ಪತ್ರಗಳೂ ಒಂದೇ ಬಾಗಿಲಿನಿಂದ ಹೊರಡುತ್ತವೆ, ಎಸ್‌ಪಿಎಫ್‌ನಲ್ಲಿ ಆ ಕಂಪನಿ ಕೊಟ್ಟ ‘ಇನ್‌ಕ್ಲೂಡ್’ (ಅವರ ಸರ್ವರ್ ಪಟ್ಟಿಯನ್ನು ಸೇರಿಸುವ ಪದ) ಒಂದೇ ಸಾಕಾಗುತ್ತದೆ, ಕೊನೆಯಲ್ಲಿ ‘~ಆಲ್’ (ಪಟ್ಟಿಯಲ್ಲಿಲ್ಲದ ಸರ್ವರ್‌ನ ಪತ್ರವನ್ನು ಅನುಮಾನದಿಂದ ನೋಡಿ ಎಂಬ ಸೂಚನೆ) ಇರಲಿ. ‘ಇನ್‌ಕ್ಲೂಡ್’, ‘ಎ’, ‘ಎಂಎಕ್ಸ್’ ಮುಂತಾದವು ನಡೆಸುವ ಡಿಎನ್‌ಎಸ್ ವಿಚಾರಣೆಗಳು ಒಟ್ಟು 10ನ್ನು ಮೀರಿದರೂ ಪರ್ಮ್‌ಎರರ್ ಬರುತ್ತದೆ ಎಂಬುದು ಮುಂದೆಂದಾದರೂ ಹೊಸ ಸೇವೆ ಸೇರಿಸುವಾಗ ನೆನಪಿರಲಿ.

ಉತ್ತರ 2: ನಂದಿತಪ್ಪಲು, ಚಿಕ್ಕಬಳ್ಳಾಪುರ

ಮೇಲಿನ ಉತ್ತರಕ್ಕೆ ಡಿಕೆಐಎಂ, ಅಂದರೆ ಪತ್ರಕ್ಕೆ ಹಾಕುವ ಡಿಜಿಟಲ್ ಸಹಿಯ ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ಕೈಯಾರೆ ಕಳುಹಿಸಿದ ಪತ್ರಗಳು ತಲುಪಿಯೂ ಸ್ಪ್ಯಾಮ್‌ಗೆ ಬೀಳುವುದಕ್ಕೆ ಕಾರಣ ಬಹುಶಃ ಅಲ್ಲಿದೆ. ನೀವು ಡಿಕೆಐಎಂ ಹೊಂದಿಸದಿದ್ದಾಗ ಕೆಲವು ಇಮೇಲ್ ಕಂಪನಿಗಳು ತಮ್ಮ ಸ್ವಂತ ಡೊಮೇನ್‌ನ ಹೆಸರಿನಲ್ಲಿ ಸಹಿ ಹಾಕುತ್ತವೆ. ಸಹಿ ಅಸಲಿಯೇ, ಆದರೆ ‘ಫ್ರಮ್’ ಸಾಲಿನಲ್ಲಿರುವುದು ನಿಮ್ಮ ಡೊಮೇನ್. ಎರಡೂ ಹೊಂದದ ಕಾರಣ ಪತ್ರದ ಮೇಲೆ ವಿಶ್ವಾಸ ಕಡಿಮೆ.

ಇಮೇಲ್ ಕಂಪನಿಯ ಅಡ್ಮಿನ್ ಪುಟದಲ್ಲಿ ನಿಮ್ಮ ಡೊಮೇನ್‌ಗೆ 2048 ಬಿಟ್‌ನ ಕೀ ಸೃಷ್ಟಿಸಿ, ಅಲ್ಲಿ ಕೊಡುವ ಟಿಎಕ್ಸ್‌ಟಿ ದಾಖಲೆಯನ್ನು ಡಿಎನ್‌ಎಸ್‌ಗೆ ಹಾಕಿ, ಅನಂತರ ಅದೇ ಪುಟಕ್ಕೆ ಮರಳಿ ಸಹಿ ಆರಂಭಿಸುವ ಗುಂಡಿಯನ್ನು ಒತ್ತಬೇಕು. ಈ ಕೊನೆಯ ಹೆಜ್ಜೆಯನ್ನು ಬಹಳ ಮಂದಿ ಮರೆಯುತ್ತಾರೆ. ಹೆಸರಿನ ಜಾಗದಲ್ಲಿ ಸೆಲೆಕ್ಟರ್ (ಕಂಪನಿ ಕೀಗೆ ಕೊಟ್ಟ ಹೆಸರು) ಮತ್ತು ‘_ಡೊಮೇನ್‌ಕೀ’ ಇಷ್ಟನ್ನೇ ಬರೆಯಿರಿ. ಹೆಚ್ಚಿನ ಪ್ಯಾನೆಲ್‌ಗಳು ಡೊಮೇನ್ ಹೆಸರನ್ನು ತಾವೇ ಕೊನೆಗೆ ಅಂಟಿಸುವುದರಿಂದ, ನೀವೂ ಬರೆದರೆ ಅದು ಎರಡು ಸಲ ಬಂದು ದಾಖಲೆ ಯಾರಿಗೂ ಸಿಗದ ವಿಳಾಸದಲ್ಲಿ ಕುಳಿತಿರುತ್ತದೆ. ಟಿಎಕ್ಸ್‌ಟಿ ದಾಖಲೆಯ ಒಂದೊಂದು ತುಂಡಿಗೆ 255 ಅಕ್ಷರಗಳ ಮಿತಿಯಿದೆ. ಈ ಕೀ ಅದಕ್ಕಿಂತ ಉದ್ದವಿರುವುದರಿಂದ, ಪ್ಯಾನೆಲ್ ತಾನೇ ತುಂಡರಿಸದಿದ್ದರೆ ಉದ್ಧರಣ ಚಿಹ್ನೆಗಳೊಳಗೆ ಎರಡಾಗಿ ಒಡೆದು ಬರೆಯಬೇಕು.

ಇದಕ್ಕೆಲ್ಲ ಮೊದಲು ನಿಮ್ಮ ನೇಮ್‌ಸರ್ವರ್ (ಡಿಎನ್‌ಎಸ್ ದಾಖಲೆಗಳನ್ನು ಒದಗಿಸುವ ಸರ್ವರ್) ಯಾರಲ್ಲಿದೆ ಎಂದು ನೋಡಿಕೊಳ್ಳಿ. ಡೊಮೇನ್ ಕೊಂಡ ಕಡೆಯೊಂದು ಪ್ಯಾನೆಲ್, ಹೋಸ್ಟಿಂಗ್ ಕಡೆಯೊಂದು ಪ್ಯಾನೆಲ್ ಇರುತ್ತದೆ; ನೇಮ್‌ಸರ್ವರ್ ಯಾರತ್ತ ತೋರಿಸುತ್ತಿದೆಯೋ ಅಲ್ಲಿ ಬರೆದದ್ದು ಮಾತ್ರ ಜಗತ್ತಿಗೆ ಕಾಣುತ್ತದೆ.

ಪ್ರತಿಕ್ರಿಯೆ: ಮಂಡಿಲೆಕ್ಕ, ಕೋಲಾರ

ಇಬ್ಬರಿಗೂ ಧನ್ಯವಾದಗಳು. ಎಸ್‌ಪಿಎಫ್ ಈಗ ಒಂದೇ ಇದೆ, ಬಿಲ್ಲುಗಳು ಪೋರ್ಟ್ 587ರ ಮೂಲಕ ಹೊರಡುತ್ತಿವೆ. ಜಿಮೇಲ್‌ನಲ್ಲಿ ‘ಶೋ ಒರಿಜಿನಲ್’ ತೆರೆದು ನೋಡಿದರೆ ಎಸ್‌ಪಿಎಫ್ ಮತ್ತು ಡಿಕೆಐಎಂ ಎರಡರ ಮುಂದೆಯೂ ‘ಪಾಸ್’ ಎಂದಿದೆ, ಡಿಕೆಐಎಂ ಸಾಲಿನಲ್ಲಿ ನಮ್ಮದೇ ಡೊಮೇನ್ ಕಾಣುತ್ತಿದೆ. ಡಿಮಾರ್ಕ್ (ಈ ಎರಡರಲ್ಲೂ ಸೋತ ಪತ್ರವನ್ನು ಏನು ಮಾಡಬೇಕೆಂದು ಹೇಳುವ ದಾಖಲೆ) ಕಡ್ಡಾಯವೆಂದು ಕೇಳಿದ್ದೇನೆ. ಅದರಲ್ಲಿ ನೇರವಾಗಿ ‘ರಿಜೆಕ್ಟ್’ (ತಿರಸ್ಕರಿಸು) ಹಾಕಬಹುದೇ? ಪಿಟಿಆರ್ ದಾಖಲೆಯನ್ನೂ ನಾವೇ ಮಾಡಬೇಕೇ? ಪರಿಚಯದವರೊಬ್ಬರು ಎಸ್‌ಪಿಎಫ್‌ನಲ್ಲಿ ‘-ಆಲ್’ (ಪಟ್ಟಿಯಲ್ಲಿಲ್ಲದ್ದನ್ನು ತಿರಸ್ಕರಿಸಿ ಎಂಬ ಸೂಚನೆ) ಹಾಕಿದರೆ ಇನ್ನೂ ಭದ್ರವೆನ್ನುತ್ತಾರೆ.

ಉತ್ತರ 3: ಕಲ್ಪತರುನೆಟ್, ತುಮಕೂರು

ಪಿಟಿಆರ್ ಎಂಬುದು ಐಪಿ ಯಾವ ಹೆಸರಿನದೆಂದು ಹೇಳುವ, ಐಪಿಯ ಒಡೆಯರು ಮಾಡುವ ದಾಖಲೆ. ನಿಮ್ಮ ಪತ್ರಗಳು ಇಮೇಲ್ ಕಂಪನಿಯ ಐಪಿಯಿಂದ ಹೊರಡುವುದರಿಂದ ಅದು ಅವರ ಹೊಣೆ.

2024ರ ಫೆಬ್ರವರಿಯಿಂದ ಜಾರಿಯಲ್ಲಿರುವ ಜಿಮೇಲ್ ನಿಯಮದಂತೆ ಎಲ್ಲ ಕಳುಹಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ ಬೇಕು. ಡಿಮಾರ್ಕ್ ಸೇರಿ ಮೂರೂ ಕಡ್ಡಾಯವಾಗುವುದು ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ. ಟೊಮೆಟೊ ಸುಗ್ಗಿಯಲ್ಲಿಯೂ ನಿಮ್ಮ ಬಿಲ್ಲುಗಳು ಆ ಸಂಖ್ಯೆಯ ಹತ್ತಿರ ಸುಳಿಯಲಾರವು. ಆದರೂ ಡಿಮಾರ್ಕ್ ಹಾಕಿ, ಏಕೆಂದರೆ ನಿಮ್ಮ ಹೆಸರಿನಲ್ಲಿ ಬೇರೆಯವರು ನಕಲಿ ಬಿಲ್ಲು ಕಳುಹಿಸಿ ಬೇರೆ ಬ್ಯಾಂಕ್ ಖಾತೆಗೆ ಹಣ ಹಾಕಿಸಿಕೊಳ್ಳುವ ಅಪಾಯ ಮಂಡಿ ವ್ಯವಹಾರದಲ್ಲಿ ಸಣ್ಣದಲ್ಲ. ‘_ಡಿಮಾರ್ಕ್’ ಹೆಸರಿನ ಟಿಎಕ್ಸ್‌ಟಿ ದಾಖಲೆಯಲ್ಲಿ ಮೊದಲು ‘ಪಿ=ನನ್’ (ಸದ್ಯ ಏನೂ ಮಾಡಬೇಡಿ) ಇಟ್ಟು, ‘ಆರ್‌ಯುಎ’ ಭಾಗದಲ್ಲಿ ವರದಿಗೆಂದು ಒಂದು ವಿಳಾಸ ಕೊಡಿ. ವರದಿಗಳು ಸಾಮಾನ್ಯವಾಗಿ ದಿನಕ್ಕೊಮ್ಮೆ ಎಕ್ಸ್‌ಎಂಎಲ್ ಕಡತವಾಗಿ ಬರುತ್ತವೆ. ನಿಮಗೇ ಮರೆತುಹೋದ ಮೂಲವೊಂದು, ಉದಾಹರಣೆಗೆ ವೆಬ್‌ಸೈಟ್‌ನ ಸಂಪರ್ಕ ಫಾರ್ಮ್, ಅವುಗಳಲ್ಲಿ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಅಂಥದ್ದನ್ನು ಸರಿಪಡಿಸಿದ ಮೇಲೆ ‘ಕ್ವಾರಂಟೀನ್’ (ಸ್ಪ್ಯಾಮ್‌ಗೆ ಹಾಕು), ಅನಂತರ ‘ರಿಜೆಕ್ಟ್’.

ಉತ್ತರ 4: ನಂದಿತಪ್ಪಲು, ಚಿಕ್ಕಬಳ್ಳಾಪುರ

‘-ಆಲ್’ ವಿಷಯದಲ್ಲಿ ನಿಮ್ಮ ಪರಿಚಯದವರ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಖರೀದಿದಾರರಲ್ಲಿ ಕೆಲವರು ಕಚೇರಿಯ ವಿಳಾಸಕ್ಕೆ ಬಂದದ್ದನ್ನು ತಮ್ಮ ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಆಗುವಂತೆ ಇಟ್ಟುಕೊಂಡಿರಬಹುದು. ಹಾಗೆ ದಾಟುವ ಪತ್ರ ಅವರ ಸರ್ವರ್‌ನ ಐಪಿಯಿಂದ ಹೊರಡುವುದರಿಂದ, ಲಕೋಟೆಯ ವಿಳಾಸವನ್ನು (ಸರ್ವರ್‌ಗಳು ಪರಸ್ಪರ ಹೇಳುವ ಕಳುಹಿಸಿದವರ ವಿಳಾಸ) ಆ ಸರ್ವರ್ ಬದಲಿಸದಿದ್ದರೆ ಎಸ್‌ಪಿಎಫ್ ಸೋಲುತ್ತದೆ. ಪತ್ರದ ಒಕ್ಕಣೆ ಬದಲಾಗದಿದ್ದರೆ ಡಿಕೆಐಎಂ ಸಹಿ ಮಾತ್ರ ಉಳಿಯುತ್ತದೆ, ಡಿಮಾರ್ಕ್‌ಗೆ ಅಷ್ಟು ಸಾಕು. ಆದರೆ ‘-ಆಲ್’ ಕಂಡ ಕೆಲವು ಸರ್ವರ್‌ಗಳು ಸಹಿಯನ್ನು ನೋಡುವ ಮೊದಲೇ ಪತ್ರವನ್ನು ತಿರಸ್ಕರಿಸುತ್ತವೆ. ‘~ಆಲ್’ ಉಳಿಸಿಕೊಂಡು, ನಕಲಿ ಪತ್ರಗಳನ್ನು ತಡೆಯುವ ಕೆಲಸವನ್ನು ಡಿಮಾರ್ಕ್‌ಗೆ ಬಿಡಿ. ಈ ಬದಲಾವಣೆಗಳು ಮುಗಿಯುವವರೆಗೆ ದಾಖಲೆಗಳ ಟಿಟಿಎಲ್ (ಇತರ ಸರ್ವರ್‌ಗಳು ಹಳೆಯ ಪ್ರತಿಯನ್ನು ಇಟ್ಟುಕೊಳ್ಳುವ ಅವಧಿ) 300 ಸೆಕೆಂಡ್ ಇರಲಿ. 86400 ಇದ್ದರೆ ಒಂದು ಅಕ್ಷರದ ತಿದ್ದುಪಡಿಗೂ ಇಡೀ ದಿನ ಕಾಯಬೇಕಾದೀತು.