ತುಮಕೂರಿನ ಪುಸ್ತಕದಂಗಡಿಗೆ ಕೋಲಾರದಲ್ಲಿ ಬ್ರಾಂಚು: ಖರೀದಿ ಯಾರು ಮಾಡಬೇಕು?

ಕೇಳಿದವರು: ತುಮಕೂರಲ್ಲಿ ನಮ್ಮ ಪುಸ್ತಕದಂಗಡಿ ಇದೆ. ಕೋಲಾರದಲ್ಲಿ ಎರಡನೆಯದು ತೆರೆದೆವು, ಈಗ ಚಿಕ್ಕಬಳ್ಳಾಪುರದಲ್ಲಿ ಮಳಿಗೆ ನೋಡುತ್ತಿದ್ದೇವೆ. ಇಲ್ಲಿ ಖರ್ಚಾಗೋ ಪುಸ್ತಕ ಅಲ್ಲಿ ಹೋಗುತ್ತಿಲ್ಲ. ಎಲ್ಲ ಅಂಗಡಿಗೂ ನಾನೇ ಖರೀದಿ ಮಾಡಬೇಕಾ, ಅಲ್ಲಿನ ಹುಡುಗರಿಗೆ ಬಿಡಬೇಕಾ? ಬ್ರಾಂಚು ನಡೆಸಿದವರು ಹೇಳಿ.

ಉತ್ತರ 1: ಖರೀದಿ ಅಲ್ಲಿನವರಿಗೇ ಬಿಡಿ ಸರ್, ಗಲ್ಲಾ ಮಾತ್ರ ಬಿಡಬೇಡಿ. ನಾನು ಕೋಲಾರ ಕಡೆ ಒಂದು ಬ್ರಾಂಚು ನೋಡಿಕೊಳ್ಳುತ್ತಿದ್ದೆ. ಮಾಲೀಕರು ಎಲ್ಲ ಊರಿಗೂ ಒಂದೇ ಪಟ್ಟಿ ಮಾಡಿ ಬಂಡಲ್ ಕಳಿಸುತ್ತಿದ್ದರು. ಬಿಚ್ಚಿದರೆ ದಪ್ಪ ಇಂಗ್ಲಿಷ್ ಪುಸ್ತಕಗಳೇ ಜಾಸ್ತಿ. ಹುಡುಗರು ಬಂದು ಪಿಎಸ್‌ಐ, ಎಫ್‌ಡಿಎ ಪರೀಕ್ಷೆಯ ಹೊಸ ಎಡಿಷನ್ ಇದೆಯಾ ಅಂತ ಕೇಳಿ, ಇಲ್ಲ ಅಂದರೆ ಬಾಗಿಲಿಂದಲೇ ವಾಪಸ್ಸು. ರಿಟರ್ನ್ ಕಳಿಸಿದರೆ ಮೂಲೆ ಮಡಿಚಿದೆ, ರಟ್ಟು ಕೊಳೆಯಾಗಿದೆ ಅಂತ ಡಿಸ್ಟ್ರಿಬ್ಯೂಟರ್ ತಕರಾರು.

ಲಂಡನ್ನಿನ ಜೇಮ್ಸ್ ಡಾಂಟ್ ಬಗ್ಗೆ ಓದಿ. ಬ್ಯಾಂಕ್ ಕೆಲಸ ಬಿಟ್ಟು 1990ರಲ್ಲಿ ಪುಸ್ತಕದಂಗಡಿ ಇಟ್ಟವರು. ಊರೂರಲ್ಲಿ ಪುಸ್ತಕದಂಗಡಿ ಇಟ್ಟಿದ್ದ ವಾಟರ್‌ಸ್ಟೋನ್ಸ್ ಕಂಪನಿ ಮುಳುಗುತ್ತಿತ್ತು, 2011ರಲ್ಲಿ ಅದನ್ನು ನಡೆಸೋ ಕೆಲಸ ಅವರ ಕೈಗೆ ಬಂತು. ಅಲ್ಲಿ ಪ್ರಕಾಶಕರು ದುಡ್ಡು ಕೊಟ್ಟು ತಮ್ಮ ಪುಸ್ತಕವನ್ನು ಮುಂದಿನ ಮೇಜಿನ ಮೇಲೆ ಇಡಿಸುತ್ತಿದ್ದರು. ಇವರು ಆ ದುಡ್ಡೇ ಬೇಡ ಅಂದರು. ಯಾವ ಪುಸ್ತಕ ಎದುರಿಗೆ ಇಡಬೇಕು ಅನ್ನೋದನ್ನು ಆಯಾ ಅಂಗಡಿಯವರಿಗೇ ಬಿಟ್ಟರು. ರಿಟರ್ನ್ ತುಂಬಾ ಇಳಿಯಿತು, ಕಂಪನಿ ಲಾಭಕ್ಕೆ ಬಂತು. 2019ರಲ್ಲಿ ಅಮೆರಿಕದ ಬಾರ್ನ್ಸ್ ಅಂಡ್ ನೋಬಲ್ ಅನ್ನೋ ಪುಸ್ತಕದಂಗಡಿ ಕಂಪನಿಗೆ ಹೋಗಿ ಅಲ್ಲೂ ಅದನ್ನೇ ಮಾಡಿದರು. ವರ್ಷ ವರ್ಷ ಅಂಗಡಿ ಮುಚ್ಚುತ್ತಿದ್ದ ಕಂಪನಿ ಈಗ ಹೊಸದು ತೆರೆಯುತ್ತಿದೆ.

ಪೂರ್ತಿ ಹೊಗಳೋಕೂ ಆಗಲ್ಲ ಬಿಡಿ. ಅದೇ 2019ರಲ್ಲಿ ವಾಟರ್‌ಸ್ಟೋನ್ಸ್ ಕೆಲಸಗಾರರು ಸಂಬಳ ಸಾಲದು ಅಂತ ಸಹಿ ಸಂಗ್ರಹ ಮಾಡಿದ್ದರು. ಪುಸ್ತಕ ಆರಿಸೋ ಜವಾಬ್ದಾರಿ ಹುಡುಗರ ತಲೆ ಮೇಲೆ ಹಾಕಿ, ಸಂಬಳ ಮಾತ್ರ ಪ್ಯಾಕಿಂಗ್ ಮಾಡುವವರಿಗೆ ಕೊಡೋ ಅಷ್ಟೇ ಕೊಟ್ಟರೆ ಒಳ್ಳೆಯವರು ಯಾಕೆ ಉಳಿಯುತ್ತಾರೆ, ಅಲ್ವಾ?

ಉತ್ತರ 2: ಅಣ್ಣಾ, ಕೋಲಾರದಲ್ಲಿ ಮನೇಲಿ ತೆಲುಗು, ಓದೋದು ಕನ್ನಡ ಅನ್ನೋರು ಬೇಕಾದಷ್ಟು ಜನ. ಡಿವಿಜಿ ಮುಳಬಾಗಿಲಿನವರು, ಮಾಸ್ತಿ ಮಾಲೂರು ತಾಲ್ಲೂಕಿನವರು. ಇಬ್ಬರಿಗೂ ಬಾಗಿಲ ಹತ್ತಿರವೇ ಒಂದು ಶೆಲ್ಫ್ ಕೊಡಿ. ‘ನಮ್ಮೂರಿನವರು’ ಅಂತ ಮುಟ್ಟಿ ನೋಡ್ತಾರೆ. ಪರೀಕ್ಷೆ ಪುಸ್ತಕ ಸ್ವಲ್ಪ ಸ್ವಲ್ಪವೇ ತರಿಸಿ. ಹೋದ ವರ್ಷದ ಪ್ರಚಲಿತ ಘಟನೆ ಪುಸ್ತಕ ರದ್ದಿಗೇ ಸರಿ.

ಉತ್ತರ 3: ನಾನು ಪೂರ್ತಿ ಒಪ್ಪಲ್ಲ. ಮೇ, ಜೂನ್‌ನಲ್ಲಿ ನೋಟ್‌ಬುಕ್, ಗೈಡು, ಡಿಕ್ಷನರಿ ಎಲ್ಲ ಊರಲ್ಲೂ ಒಂದೇ. ಅದನ್ನು ನೀವೇ ಒಟ್ಟಿಗೆ ತೆಗೆದರೆ ಕಮಿಷನ್ ಜಾಸ್ತಿ ಸಿಗುತ್ತೆ. ಕಥೆ, ಕಾದಂಬರಿ, ಪರೀಕ್ಷೆ ಪುಸ್ತಕ ಬೇಕಾದರೆ ಬ್ರಾಂಚಿಗೆ ಬಿಡಿ. ತಿಂಗಳಿಗೆ ಇಷ್ಟು ಅಂತ ಮಿತಿ ಹಾಕಿ. ಶಾಲೆಗಳಿಗೆ ಉದ್ರಿ ಕೊಡೋ ವಿಷಯ ಮಾತ್ರ ನಿಮ್ಮನ್ನ ಕೇಳದೆ ಆಗಬಾರದು. ಲೈಬ್ರರಿಗೆ ಅಂತ ಪುಸ್ತಕ ಒಯ್ದು, ಮುಂದಿನ ವರ್ಷದ ಆರ್ಡರ್ ಕೊಡೋಕೆ ಬಂದಾಗಲೂ ಹಳೇ ಬಿಲ್ಲಿನ ಮಾತೇ ಎತ್ತದವರು ಇದ್ದಾರೆ.