ಕ್ರೈಸ್ತ ಬರಹಗಳ ಪುಸ್ತಕ ತರುವುದು ಹೇಗೆ?

ಮೀರಾರೋಡ್ ಓದುಗಿ: ಚರ್ಚಿನ ಪತ್ರಿಕೆಗೆ ಬರೆದ ಧ್ಯಾನ ಲೇಖನಗಳು ಒಂದು ಫೈಲಿನಷ್ಟಿವೆ. ಕನ್ನಡದಲ್ಲೇ ಪುಸ್ತಕ ಮಾಡಬೇಕು. ಪ್ರಕಾಶಕರೊಬ್ಬರು ಮೊದಲೇ ದುಡ್ಡು ಕೇಳುತ್ತಿದ್ದಾರೆ, ಕೊಡಬಹುದಾ?

ಡೊಂಬಿವಲಿ ಮಾಮ: ಕೊಡಬೇಡಿ ಅಂತಲ್ಲ, ಆದರೆ ಎಷ್ಟು ಪ್ರತಿ, ಯಾವ ಕಾಗದ, ಹಕ್ಕು ಯಾರದ್ದು, ಮಾರಾಟವಾಗದೆ ಉಳಿದದ್ದು ಯಾರ ಮನೆಗೆ, ಎಲ್ಲವನ್ನೂ ಬರೆಸಿಕೊಳ್ಳಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಬೇರೆ ಬಿಲ್ ಹಾಕಿದರೆ ಸುಮ್ನೆ ಒಪ್ಪಬೇಡಿ. ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ.

ವಸಾಯಿ ಅಕ್ಕ: ಬೈಬಲ್ ವಚನ ಜಾಸ್ತಿ ಇದೆಯಾ? ಈಚಿನ ಅನುವಾದಗಳಿಗೆ ಹಕ್ಕುಸ್ವಾಮ್ಯ ಇರುತ್ತದೆ, ಪ್ರಕಟಿಸಿದವರ ಅನುಮತಿ ಕೇಳಿ. ಕ್ಯಾಥೊಲಿಕರಾದರೆ ಪ್ರಾರ್ಥನಾ ಪುಸ್ತಕಕ್ಕೆ ಬಿಷಪರ ಒಪ್ಪಿಗೆಯೂ ಬೇಕು. ಕಥೆ, ಕವಿತೆಗೆ ಬೇಕಿಲ್ಲ. ನಿಮ್ಮದು ನಡುವಿನದು, ಫಾದರ್ ಹತ್ತಿರ ಮೊದಲೇ ಮಾತಾಡಿ.

ಇನ್ನೊಂದು, ಪ್ರವಚನದ ಧಾಟಿ ಬಿಡಿ ಮಾರಾಯ್ರೆ. ದೇವರು ದೊಡ್ಡವನು ಅಂತ ಪುಟಗಟ್ಟಲೆ ಬರೆಯುವುದಕ್ಕಿಂತ, ಮುಂಬಯಿಯ ಲೋಕಲ್ ರೈಲಿನಲ್ಲಿ ಜಪಮಾಲೆ ಎಣಿಸುತ್ತಾ ಬೊರಿವಲಿಯಲ್ಲಿ ಇಳಿಯುವುದನ್ನೇ ಮರೆತ ಹೆಂಗಸಿನ ಬಗ್ಗೆ ಬರೆಯಿರಿ, ಚರ್ಚಿಗೆ ಹೋಗದವರೂ ಓದುತ್ತಾರೆ.

ಮೀರಾರೋಡ್ ಓದುಗಿ: ಅಯ್ಯೋ, ಅರ್ಧ ಫೈಲ್ ಪ್ರವಚನವೇ! ಮೊದಲು ಅದನ್ನು ತಿದ್ದುತ್ತೇನೆ, ಪ್ರಕಾಶಕರು ಸ್ವಲ್ಪ ಕಾಯಲಿ.