ಸೆನ್ಸೆಕ್ಸ್ ಏರುತ್ತಿದ್ದರೂ ಪಗಾರ ಏಕೆ ಏರುತ್ತಿಲ್ಲ?

ಪ್ರಶ್ನೆ (ನಿವೃತ್ತ ಶಿಕ್ಷಕ, ಸೇಡಂ):
ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ನಮ್ಮ ಭಾಗದ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದಾನೆ. ಕೆಲವು ವರ್ಷಗಳಿಂದ ಅವನ ಪಗಾರ ಹೆಚ್ಚುಕಡಿಮೆ ಇದ್ದಲ್ಲಿಯೇ ಇದೆ. ಅದೇ ಅವಧಿಯಲ್ಲಿ ನನ್ನ ಮಗ ಎಸ್‌ಐಪಿಯಲ್ಲಿ (ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಕಟ್ಟುವ ಕಂತು) ತೊಡಗಿಸಿದ ಹಣ ಕಣ್ಣೆದುರೇ ಬೆಳೆದಿದೆ. ದೇಶದ ಆರ್ಥಿಕತೆ ಚೆನ್ನಾಗಿರುವುದರಿಂದಲೇ ಷೇರಿಗೆ ಬೆಲೆ ಬರುವುದಾದರೆ, ಅದರ ಫಲ ದುಡಿಯುವವನ ಕೈಗೆ ಏಕೆ ಸಿಗುತ್ತಿಲ್ಲ? ಬಲ್ಲವರು ವಿವರಿಸಬೇಕು. ಮಾರುಕಟ್ಟೆಯೆಂದರೆ ಜೂಜು ಎಂಬ ಉತ್ತರ ಮನೆಯಲ್ಲಿಯೇ ಸಿಕ್ಕಿದೆ.

ಉತ್ತರ (ವಾಣಿಜ್ಯಶಾಸ್ತ್ರ ಉಪನ್ಯಾಸಕ, ಬೀದರ್):
ಸರ್, ಸೆನ್ಸೆಕ್ಸ್, ನಿಫ್ಟಿ ಎರಡೂ ಷೇರು ಬೆಲೆಗಳ ಏರಿಳಿತ ತೋರಿಸುವ ಸೂಚ್ಯಂಕಗಳು. ಸೆನ್ಸೆಕ್ಸ್ ಲೆಕ್ಕಕ್ಕೆ ಹಿಡಿಯುವುದು 30 ಕಂಪನಿಗಳನ್ನು, ನಿಫ್ಟಿ 50 ಕಂಪನಿಗಳನ್ನು. ನಿಫ್ಟಿಯಲ್ಲಿ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ತೂಕವೇ ಸುಮಾರು ಮೂರನೇ ಒಂದು ಪಾಲು; ಐಟಿ ಕಂಪನಿಗಳಿಗಂತೂ ಬಹುಪಾಲು ಆದಾಯ ವಿದೇಶಗಳಿಂದ ಬರುತ್ತದೆ. ಇತ್ತ 2023-24ರ ಕಾರ್ಮಿಕ ಬಲ ಸಮೀಕ್ಷೆಯಂತೆ ದುಡಿಯುವವರಲ್ಲಿ ಶೇ. 46ರಷ್ಟು ಜನ ಕೃಷಿಯಲ್ಲಿದ್ದಾರೆ, ನಿಯತ ಸಂಬಳದವರು ಶೇ. 22ನ್ನೂ ಮುಟ್ಟುವುದಿಲ್ಲ. ತೊಗರಿ ಬೆಳೆಯುವ ರೈತ, ಗಂಜಿನ (ಧಾನ್ಯ ಮಾರುಕಟ್ಟೆಯ) ಹಮಾಲ, ಗೌಂಡಿ, ಇವರ ಗಳಿಕೆಗೆ ಆ ಸೂಚ್ಯಂಕದಲ್ಲಿ ಜಾಗವೇ ಇಲ್ಲ.

ಇನ್ನು ಕಂಪನಿಯ ಒಳಗಿನ ಮಾತು. ಷೇರಿನ ಬೆಲೆ ಮುಂದೆ ಬರಬಹುದಾದ ಲಾಭವನ್ನು ನೋಡುತ್ತದೆ. ಲಾಭದ ಲೆಕ್ಕದಲ್ಲಿ ಸಂಬಳ ಖರ್ಚಿನ ಬಾಬತ್ತು. 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಶೇ. 22.3ರಷ್ಟು ಹೆಚ್ಚಿದರೆ ಉದ್ಯೋಗ ಹೆಚ್ಚಿದ್ದು ಶೇ. 1.5ರಷ್ಟು ಮಾತ್ರ ಎಂದು 2025ರ ಜನವರಿಯ ಆರ್ಥಿಕ ಸಮೀಕ್ಷೆಯೇ ಹೇಳಿದೆ. ಸರ್ಕಾರಿ ದಾಖಲೆಯೊಂದು ಇಷ್ಟು ನೇರವಾಗಿ ಮಾತನಾಡುವುದು ಅಪರೂಪ. 2019ರ ಸೆಪ್ಟೆಂಬರ್ 20ರಂದು ಕಾರ್ಪೊರೇಟ್ ತೆರಿಗೆಯ ಮೂಲ ದರವನ್ನು ಶೇ. 22ಕ್ಕೆ ಇಳಿಸಿದ ದಿನ ಸೆನ್ಸೆಕ್ಸ್ 1,900ಕ್ಕೂ ಹೆಚ್ಚು ಅಂಶ ಜಿಗಿಯಿತು. ಅದಕ್ಕಾಗಿ ಒಂದು ಚೀಲ ಸಿಮೆಂಟೂ ಹೆಚ್ಚಿಗೆ ತಯಾರಾಗಬೇಕಿರಲಿಲ್ಲ.

ಉತ್ತರ (ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು, ಕಲಬುರಗಿ):
ಷೇರುಪೇಟೆಯ ಗಂಧವಿಲ್ಲದ ನಮ್ಮ ಮಿಲ್ಲಿನಲ್ಲಿಯೂ ಇದೇ ಲೆಕ್ಕ ನಡೆದಿದೆ. ಮೊದಲು ಬೇಳೆಯ ರಾಶಿಯ ಸುತ್ತ ಹೆಂಗಸರು ಕುಳಿತು ಕಪ್ಪು ಕಾಳು, ಹರಳು ಆರಿಸಿ ಹಸನು ಮಾಡುತ್ತಿದ್ದರು. ಈಗ ಸಾರ್ಟೆಕ್ಸ್ ಯಂತ್ರದೊಳಗೆ ಕ್ಯಾಮೆರಾ ಬಣ್ಣ ಗುರುತಿಸುತ್ತದೆ, ಗಾಳಿಯ ಸಣ್ಣ ಹೊಡೆತವೊಂದು ಕೆಟ್ಟ ಕಾಳನ್ನು ಬದಿಗೆ ಹಾರಿಸುತ್ತದೆ. ನೋಡಿಕೊಳ್ಳಲು ಒಬ್ಬ ಆಪರೇಟರ್ ಸಾಕು. ಕ್ವಿಂಟಲಿಗೆ ಬೀಳುವ ಖರ್ಚು ಇಳಿಯಿತು, ಮಾಲು ಒಳ್ಳೆಯ ದರಕ್ಕೆ ಹೋಗುತ್ತಿದೆ. ಆರಿಸುತ್ತಿದ್ದವರು ಕಟ್ಟಡದ ಕೆಲಸಕ್ಕೋ ಪುಣೆಗೋ ಹೋದರು. ಒಂದು ಕೆಲಸಕ್ಕೆ ಹತ್ತು ಮಂದಿ ಕಾದಿರುವಲ್ಲಿ ಉಳಿದ ಆಪರೇಟರನೂ ಪಗಾರ ಹೆಚ್ಚಿಸಿರೆಂದು ಗಟ್ಟಿಯಾಗಿ ಕೇಳಲಾರ. ನೋಂದಾಯಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ಶೇ. 40ಕ್ಕೂ ಹೆಚ್ಚು ಜನ ತಮ್ಮ ತಂಗಿಯ ಮಗನಂತೆ ಗುತ್ತಿಗೆಯವರೇ.

ಮರುಪ್ರಶ್ನೆ (ಸೇಡಂ):
ಒಪ್ಪಿದೆ. ಆದರೆ 2020ರಲ್ಲಿ ಕಾರ್ಖಾನೆಗಳೇ ಮುಚ್ಚಿದ್ದವು, ಮುಂಬೈ-ಹೈದರಾಬಾದಿಗೆ ಹೋದವರು ನಡೆದುಕೊಂಡು ಊರಿಗೆ ಬಂದರು. ಆಗಲೂ ಮಾರುಕಟ್ಟೆ ಏರಿತಲ್ಲ?

ಉತ್ತರ (ಬೀದರ್):
ಅಲ್ಲಿ ಮುಖ್ಯವಾಗಿ ಕೆಲಸ ಮಾಡಿದ್ದು ಬಡ್ಡಿದರ. ಮಾರ್ಚ್ 23ರಂದು 26,000ಕ್ಕಿಂತ ಕೆಳಗಿಳಿದಿದ್ದ ಸೆನ್ಸೆಕ್ಸ್ 2021ರ ಜನವರಿಯಲ್ಲಿ 50,000 ಮುಟ್ಟಿತು. ಈ ನಡುವೆ ರಿಸರ್ವ್ ಬ್ಯಾಂಕು ರೆಪೊ ದರವನ್ನು (ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) ಶೇ. 4ಕ್ಕೆ ಇಳಿಸಿತ್ತು, ಅಮೆರಿಕದಲ್ಲಿ ದರ ಶೂನ್ಯದ ಹತ್ತಿರವಿತ್ತು. ಎಫ್‌ಡಿಯಲ್ಲಿ ಬಡ್ಡಿ ಹುಟ್ಟದಿದ್ದಾಗ ಹಣ ಷೇರಿನತ್ತ ನುಗ್ಗುತ್ತದೆ. ಈಗ ಆ ಜಾಗಕ್ಕೆ ಎಸ್‌ಐಪಿ ಬಂದಿದೆ. 2024ರ ಅಕ್ಟೋಬರಿನಲ್ಲಿ ಅದು ತಿಂಗಳಿಗೆ 25,000 ಕೋಟಿ ರೂಪಾಯಿ ದಾಟಿತು.

ಉತ್ತರ (ಕಿರಾಣಿ ಸಗಟು ವ್ಯಾಪಾರಿ, ಯಾದಗಿರಿ):
ನನ್ನದೊಂದು ತಕರಾರಿದೆ. ಒಬ್ಬ ಮಾಲೀಕ ಕೊಡುವ ಪಗಾರವೇ ಇನ್ನೊಬ್ಬನ ಅಂಗಡಿಗೆ ಬರುವ ಗಿರಾಕಿಯ ಕಾಸು. ಪಗಾರ ಏರದಿದ್ದರೆ ಮಾರಾಟ ಕುಗ್ಗಿ, ಕೊನೆಗೆ ಲಾಭಕ್ಕೂ ಷೇರಿಗೂ ಪೆಟ್ಟು ಬೀಳುತ್ತದೆ. ನನ್ನಲ್ಲಿ ಒಂದು ಕಿಲೋ ಸೋಪಿನ ಪುಡಿ ಕೇಳುತ್ತಿದ್ದ ಸಣ್ಣ ಅಂಗಡಿಯವರು ಈಗ ಹತ್ತು ರೂಪಾಯಿಯ ಪೊಟ್ಟಣಗಳ ಮಾಲೆ ಒಯ್ಯುತ್ತಾರೆ. 2024ರ ಸೆಪ್ಟೆಂಬರಿನಲ್ಲಿ 85,900 ದಾಟಿದ್ದ ಸೆನ್ಸೆಕ್ಸ್ ಮುಂದಿನ ಮಾರ್ಚ್ ಹೊತ್ತಿಗೆ 73,000ದ ಆಸುಪಾಸಿಗೆ ಇಳಿಯಿತು. ವಿದೇಶಿ ಹೂಡಿಕೆದಾರರ ಮಾರಾಟ ಅದಕ್ಕೆ ದೊಡ್ಡ ಕಾರಣವೆಂಬುದು ನಿಜ. ನಗರಗಳಲ್ಲಿ ಬೇಡಿಕೆ ಕುಗ್ಗಿದೆಯೆಂದು ಗ್ರಾಹಕ ವಸ್ತುಗಳ ಕಂಪನಿಗಳು ದೂರಿದ್ದೂ ಅದೇ ಕಾಲದಲ್ಲಿ.

ಉತ್ತರ (ಕಲಬುರಗಿ):
ಗುರುಗಳೇ, ಇನ್ನೊಂದು ವಿಷಯ. 2015ರಿಂದ ಇಪಿಎಫ್‌ಒ (ಕಾರ್ಮಿಕರ ಪಿಎಫ್ ನೋಡಿಕೊಳ್ಳುವ ಸಂಸ್ಥೆ) ಹೊಸ ಠೇವಣಿಯ ಒಂದು ಪಾಲನ್ನು ಸೆನ್ಸೆಕ್ಸ್, ನಿಫ್ಟಿ ಆಧಾರಿತ ಇಟಿಎಫ್‌ಗಳಲ್ಲಿ (ಆ ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ನಿಧಿಗಳು) ಹೂಡುತ್ತಿದೆ. ಹಾಗಾಗಿ ಪಿಎಫ್ ಇರುವ ಕಾರ್ಮಿಕನ ಹಣವೂ ಸ್ವಲ್ಪ ಷೇರುಪೇಟೆಯಲ್ಲಿದೆ. ಗುತ್ತಿಗೆದಾರ ತಿಂಗಳು ತಿಂಗಳು ಪಿಎಫ್ ಕಟ್ಟುತ್ತಿದ್ದಾನೆಯೇ ಎಂದು ಹುಡುಗ ಪಾಸ್‌ಬುಕ್ ತೆಗೆದು ನೋಡಲಿ. ಕಟ್ಟದಿದ್ದರೆ ಕಾನೂನಿನಂತೆ ಕಾರ್ಖಾನೆಯೇ ಹೊಣೆ.